ನೇಸರಿಯ ನೆತ್ತರಿನ ಸೀಸ

ಭಾದ್ರಪದದ ನಲವತ್ತೊಂದನೆಯ ದಿನ, 2131

ಪುಟ್ಟಮಾದು ತಾತನವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಸೆಕೆ ಇಳಿಯುವವರೆಗೆ ತಿಂಗಳು ಮುಗಿಯುವುದಿಲ್ಲ. ನಾನು ನಿಮ್ಮ ಮರಿಮಗಳ ಮಗಳು, ಹೊಂಗೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ, ನಿಮ್ಮನ್ನು ಕ್ಷಮಿಸುವುದೂ ಇಲ್ಲ.

ನನ್ನ ಮಗಳು ನೇಸರಿ ನ್ಯುಮೋನಿಯಾ ಬಂದು ನಿಗಾಮನೆಯಲ್ಲಿ ಮಲಗಿದ್ದಾಳೆ. ನೀವು ಐಸಿಯು ಎನ್ನುವುದನ್ನೇ ನಾವು ಹೀಗೆ ಕರೆಯುತ್ತೇವೆ. ಅಲ್ಲಿ ಮೊದಲು ನೋಡುವುದು ಜ್ವರವನ್ನಲ್ಲ, ನೆತ್ತರಲ್ಲಿರುವ ಸೀಸವನ್ನು. ಅದಕ್ಕೊಂದು ಲೋಹಗೆರೆ ಹಾಕಿದ್ದಾರೆ. ಗೆರೆಯ ಕೆಳಗಿದ್ದವರು ಬದುಕುತ್ತಾರೆ, ಮೇಲಿದ್ದವರು ಬದುಕುವುದಿಲ್ಲ ಎಂದು ಅವರ ಲೆಕ್ಕ. ಉಸಿರುಯಂತ್ರಗಳು ಸಾಲದ್ದರಿಂದ ಮೇಲಿದ್ದವರಿಂದ ಬಿಚ್ಚಿ ಕೆಳಗಿದ್ದವರಿಗೆ ಹಾಕುತ್ತಾರೆ. ಹಾಗೆ ಬಿಚ್ಚಿದ ಮೇಲೆ ಅವರ ಲೆಕ್ಕ ಒಮ್ಮೆಯೂ ತಪ್ಪಿಲ್ಲವಂತೆ.

ನೇಸರಿಯ ಸೀಸ ಗೆರೆ ದಾಟಿತ್ತು. ಒಂದು ವಿನಾಯಿತಿ ಇದೆ. ಸೀಸ ಈಚೆಗೆ ಹೊಟ್ಟೆಗೆ ಹೋಗಿದ್ದರೆ ನೆತ್ತರು ತೊಳೆದು ಉಳಿಸಿಕೊಳ್ಳುತ್ತಾರೆ. ತಾಯಿಯ ಮೂಳೆಯಿಂದ ಬಂದದ್ದಾದರೆ ಅದು ಒಳಗಿಂದ ಊರುತ್ತಲೇ ಇರುತ್ತದೆ, ತೊಳೆಯುವುದಿಲ್ಲ. ಮಗಳು ಎಲ್ಲಾದರೂ ಗೋಡೆಯ ಹಳೇ ಬಣ್ಣ ಕೆರೆದು ತಿಂದಿರಲಿ ಎಂದು ಹರಕೆ ಹೊತ್ತ ತಾಯಿ ನಾನು. ಆದರೆ ಸೀಸಕ್ಕೂ ಹುಟ್ಟೂರು ಇರುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ನೇಸರಿಯದು ಕರಿಮಾದನಹುಂಡಿಯ ನಿಮ್ಮ ಬ್ಯಾಟರಿ ಶೆಡ್ಡಿನ ಸೀಸ. ಡಾಕ್ಟರಮ್ಮ ನನ್ನ ಮುಖ ನೋಡದೆ ಹೇಳಿದಳು: “ಇದು ಮಗೀದಲ್ಲ ಕಣಮ್ಮ. ನಿಮ್ ಹಿರೀಕರ್ದು.”

ನಮ್ಮ ಮನೆಯಲ್ಲಿ ನಿಮ್ಮ ಹೆಸರು ಬಂದರೆ ಎಲ್ಲರ ಕಣ್ಣೂ ಒದ್ದೆಯಾಗುತ್ತಿತ್ತು. ಹಳೇ ಬ್ಯಾಟರಿ ಒಡೆದು, ಸೀಸ ಕರಗಿಸಿ ಮನೆ ಕಟ್ಟಿದ ತಾತ. ಗಂಟಲಿನ ಹೊಗೆ ಇಳಿಯಲೆಂದು ಸಂಜೆ ಬೆಲ್ಲ ತಿನ್ನುವಾಗ ಅರ್ಧ ಮುರಿದು ಮಗಳು ಚೆಲುವಿಯ ಬಾಯಿಗಿಡುತ್ತಿದ್ದ ತಾತ. ಅದೇ ಕೈಯಿಂದ, ತೊಳೆಯದೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ನಿಮ್ಮ ಎಡೆಗೆ ಬೆಲ್ಲವಿಟ್ಟು ಕೈಮುಗಿದೆವು. ನಿಮ್ಮ ಪ್ರೀತಿಗಿಷ್ಟು ಬೆಂಕಿ ಬೀಳ.

ಮಗುವನ್ನು ಕೈಬಿಟ್ಟಾಗ ನಿಗಾಮನೆಯವರು ಮನೆಯವರಿಗೆ ಒಂದು ಹಿಂದಂಚೆ ಕೊಡುತ್ತಾರೆ. ಸತ್ತವರು ಇನ್ನೂ ಬದುಕಿದ್ದ ಕಾಲಕ್ಕೆ ಹೋಗುವ ಅಂಚೆ ಅದು. ಬಹಳ ಜನ ಹಿರಿಯರನ್ನು ಬೈದು ಬರೆಯುತ್ತಾರೆ, ಮನಸ್ಸು ಹಗುರವಾಗುತ್ತದಂತೆ. ನನಗೆ ಹಗುರವಾಗುವುದು ಬೇಡ. ಶೆಡ್ಡು ಮುಚ್ಚಿ ಎಂದೂ ಕೇಳುವುದಿಲ್ಲ. ಚೆಲುವಿ ಆಗಲೇ ಬೇಕಾದಷ್ಟು ತಿಂದಾಗಿದೆ, ಅದು ಅವಳ ಮೂಳೆ ಸೇರಿದೆ. ಮುಂದೆ ಅವಳನ್ನು ಕೇಳಿಕೊಂಡು ಹುಲ್ಲಹಳ್ಳಿಯಿಂದ ಗಂಡು ಬರುತ್ತಾನೆ. ಒಳ್ಳೆಯವನು, ಅವಳಿಗೂ ಇಷ್ಟವಾಗುತ್ತಾನೆ. ಅವನನ್ನು ವಾಪಸ್ ಕಳಿಸಿಬಿಡಿ. ಆಮೇಲೆ ಯಾರೇ ಬಂದರೂ ಹಾಗೇ ಕಳಿಸಿ. ಅವಳು ಅತ್ತರೆ ಅಳಲಿ, ಮುದುಕಿಯಾಗಿ ಒಬ್ಬಳೇ ಸಾಯಲಿ. ಅವಳ ಮಗಳಾಗಿ ನನ್ನಜ್ಜಿ ಹುಟ್ಟುವುದು ಬೇಡ, ಅಮ್ಮ ಬೇಡ, ನಾನು ಬೇಡ. ನೇಸರಿ ಹುಟ್ಟಿ ಹೀಗೆ ಮಲಗುವುದಂತೂ ಬೇಡವೇ ಬೇಡ.

ಯಂತ್ರವನ್ನು ನಾಳೆ ಬೆಳಿಗ್ಗೆ ಬಿಚ್ಚುತ್ತಾರೆ. ಅದಕ್ಕೆ ಮುಂಚೆ ಮಗಳ ತಲೆ ಬಾಚಲು ನನ್ನನ್ನು ಒಳಗೆ ಬಿಡುತ್ತಾರೆ. ನೀವು ನನ್ನ ಮಾತು ನಡೆಸಿಕೊಟ್ಟರೆ ಬಾಚಲು ಆ ತಲೆಯೂ ಇರುವುದಿಲ್ಲ, ಈ ಕೈಯೂ ಇರುವುದಿಲ್ಲ. ಬಾಚಣಿಗೆ ಹಿಡಿದು ನಾನು ಆ ಬಾಗಿಲಲ್ಲಿ ನಿಂತಿದ್ದರೆ, ಈ ಸಲವೂ ನಿಮಗೆ ನಿಮ್ಮ ಮಗಳೇ ಹೆಚ್ಚಾದಳು ಎಂದು ತಿಳಿದುಕೊಳ್ಳುತ್ತೇನೆ.

ಹೊಂಗೆ