ನಿನ್ನಪ್ಪನ ಕೋವಿಯ ತೂಕ

ಬಕ್‌ಹಾರ್ನ್ ಕಣಿವೆ, ಟೆನ್ನೆಸ್ಸಿ
ನವೆಂಬರ್ ೧೨

ಹೋಬರ್ಟ್,

‘ಪ್ರೀತಿಯ’ ಎಂದು ಬರೆಯಲು ಈ ಸಲ ಕೈ ಏಳಲಿಲ್ಲ. ಭುಜ ಹೇಗಿದೆ? ಹಚ್ಚುವ ಎಣ್ಣೆ ಇಲ್ಲೇ ಕಿಟಕಿಯಲ್ಲಿ ಕೂತಿದೆ, ಅಂದಮೇಲೆ ಹೇಗಿರುತ್ತದೆಂದು ನನಗೆ ಗೊತ್ತು. ನಿನ್ನಣ್ಣ ಲೋಂಜೊ ಸೀಯಿಸಿದ ಕಾಳು ತಿಂದು ಹೊಟ್ಟೆಯೂ ಕೆಟ್ಟಿರಬೇಕು. ಕೆಡಲಿ. ನಾಯಿ ಎರಡು ದಿನ ಬಾಗಿಲು ಕಾದು ಈಗ ನಿನ್ನನ್ನು ಮರೆತಿದೆ. ಅದಕ್ಕಾದರೂ ಬುದ್ಧಿ ಇದೆ.

ನಾನು ಮಾಡಿದ ತಪ್ಪಾದರೂ ಏನು? ಕೋವಿ ಮಾಡುವ ಎನಿಸ್‌ನ ಹತ್ತಿರ ಹೋಗಿ, ತೆಳು ನಳಿಗೆಯ ಹಗುರ ಕೋವಿಯೊಂದನ್ನು ತಂದು ನಿನ್ನ ಮುಂದಿಟ್ಟೆ. ಅದೂ ನಿನ್ನದರ ಹಾಗೆ ನಳಿಗೆಯ ಬಾಯಿಂದ ಮದ್ದು ತುಂಬಿ ಗಜದ ಕೋಲಿನಿಂದ ಜಡಿಯುವಂಥದ್ದೇ, ನಿನ್ನ ಮರ್ಯಾದೆಗೇನೂ ಕುಂದಿಲ್ಲ. ನೀನು ಅದನ್ನು ಎರಡು ಬೆರಳಲ್ಲಿ ಎತ್ತಿ, “ಇದೇನೇ, ಒಲೆ ಕೆದಕೋ ಕೋಲಾ? ನಮ್ಮಪ್ಪನ ಕೋವಿ ನನ್ನ ನಲವತ್ತನೇ ವಯಸ್ಸಲ್ಲಿ ಹೆಂಗಿತ್ತೋ ಹಂಗೇ ಇದೆ ನಂಗೆ. ಮುದುಕಿ ಆಗಿರೋದು ನೀನು!” ಅಂದೆ. ಅಂದು, ನಿನ್ನಪ್ಪನ ಆ ಭಾರದ ಕೋವಿಯನ್ನೇ ಹೆಗಲಿಗೇರಿಸಿಕೊಂಡು ಅಣ್ಣನ ಗುಡಿಸಲಿಗೆ ಹೊರಟುಹೋದೆ. ಅಂಗಳ ದಾಟುವಷ್ಟರಲ್ಲಿ ಹೆಗಲು ಬದಲಿಸಿದ್ದನ್ನು ನಾನು ನೋಡಿದೆ.

ಅದಕ್ಕೂ ಮುಂಚಿನ ಶನಿವಾರದ್ದನ್ನೂ ನೋಡಿದ್ದೇನೆ. ಆ ಹೆಣ್ಣು ಜಿಂಕೆಯ ಎದೆಗೆ ಹಿಡಿದ ಗುರಿ, ಕೋವಿಯ ತುದಿ ಬಗ್ಗಿ ಮುಂಗಾಲಿಗೆ ಇಳಿಯಿತು. ನೀನು ಮರದ ಬೊಡ್ಡೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದೆ. ಕತ್ತಲಾಗಿ ಕಣ್ಣು ಕಾಣದಾಗುವವರೆಗೂ ರಕ್ತದ ಜಾಡು ಹಿಡಿದು ನಡೆದವಳು ನಾನು. ಜಿಂಕೆ ಸಿಗಲಿಲ್ಲ. ಅಂಗಡಿಯಲ್ಲಿ ಮಾತ್ರ “ಮದ್ದಿಗೆ ಥಂಡಿ ಹಿಡಿದಿತ್ತು” ಅಂದೆಯಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮದುವೆಯಾದಾಗಿನಿಂದ ನಿನ್ನ ಮದ್ದು ಒಣಗಿಸಿಟ್ಟು, ಸೀಸ ಕರಗಿಸಿ ಗುಂಡು ಹೊಯ್ದು ಕೊಟ್ಟವಳು ನಾನು. ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ನರಳುವ ಪ್ರಾಣಿಯನ್ನು ಕಾಡಲ್ಲಿ ಬಿಟ್ಟು ಬಂದವನನ್ನು ನಿನ್ನಪ್ಪ ಊಟಕ್ಕೆ ಕೂರಿಸುತ್ತಿರಲಿಲ್ಲ. ಅಲ್ಲಿ ಇನ್ನೊಂದನ್ನು ಹಾಗೆ ಬಿಟ್ಟೆಯೋ, ನಾನೂ ಕೂರಿಸುವುದಿಲ್ಲ.

ಲೋಂಜೊನನ್ನು ಕೇಳಿದೆನೆಂದು ಹೇಳು. ದೇವರು ನಿನಗೆ ಆರೋಗ್ಯ ಕೊಡಲಿ. ಅವನ ಹತ್ತಿರ ಬುದ್ಧಿ ಮಿಕ್ಕಿದ್ದರೆ ಅದನ್ನೂ ಒಂದಿಷ್ಟು ಕೊಡಲಿ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಡೆಲ್ಫಿಯಾ

ತಾ.ಕ.: ನಿನ್ನಪ್ಪನ ಕೋವಿ ನಿನ್ನ ನಲವತ್ತರಲ್ಲಿ ಇದ್ದ ಹಾಗೇ ಇಲ್ಲ. ಹಿಂಬದಿಯ ಹಿತ್ತಾಳೆ ಪಟ್ಟಿ ಬಿಚ್ಚಿ ನೋಡು. ಕೈ ಅಲುಗದಿರಲೆಂದು ನಿನ್ನಪ್ಪ ಆ ಮರದ ಹಿಡಿಯೊಳಗೆ ಸೀಸ ತುಂಬಿಸಿದ್ದನಲ್ಲ, ನೀನು ಗುಡ್ಡ ಹತ್ತುವಾಗ ನಿಂತು ನಿಂತು ಉಸಿರು ತೆಗೆಯಲು ಶುರುಮಾಡಿದಾಗಿನಿಂದ, ವರ್ಷಕ್ಕಿಷ್ಟು ಅಂತ ನಾನು ಅದನ್ನು ತೆಗೆಯುತ್ತ ಬಂದೆ. ಅದನ್ನೇ ಕರಗಿಸಿ ನಿನಗೆ ಗುಂಡು ಹೊಯ್ದೆ. ಹಿಂದೆ ಹಗುರಾದರೆ ತುದಿ ಬಗ್ಗುತ್ತದೆಂದು ಎನಿಸ್ ಮೊನ್ನೆ ಹೇಳಿದ. ಆ ಜಿಂಕೆಯ ಕಾಲಿನಲ್ಲಿ ನನ್ನ ಪಾಲೂ ಇದೆ. ಈಗ ಒಳಗೆ ಖಾಲಿ, ಇನ್ನು ತೆಗೆಯಲು ಏನೂ ಉಳಿದಿಲ್ಲ. ಕಡೆಯ ಸೀಸದ ಗುಂಡುಗಳು ಈ ಕಾಗದದ ಜೊತೆಗಿರುವ ಪೊಟ್ಟಣದಲ್ಲಿವೆ. ನಿನ್ನಪ್ಪನ ಕೋವಿಗೆ ಹಾಕಬೇಡ, ನಳಿಗೆಯೊಳಗೆ ಗಲಗಲ ಅನ್ನುತ್ತವೆ. ತೆಳು ಕೋವಿಯ ಅಳತೆಗೆ ಹೊಯ್ದಿದ್ದೇನೆ. ಅದು ಅಡುಗೆಮನೆಯ ಬಾಗಿಲ ಹಿಂದೆ ಒರಗಿದೆ.