ಮೈಕಿಗೆ ಕೇಳಿಸುವ ಹೊಟ್ಟೆ

ಮಾರ್ಚ್ 4

ಊಟದ ಹೊತ್ತಿಗೆ ಒಂದು ಅಧ್ಯಾಯವೂ ಮುಗಿದಿರಲಿಲ್ಲ. ಕಥೆಯ ಹೆಂಗಸು ಗಂಡನಿಗೆ ಕೊನೆಯ ಮಾತು ಹೇಳುತ್ತಿದ್ದಾಗ ನನ್ನ ಹೊಟ್ಟೆ ಗುಡುಗಿತು. ಗಾಜಿನಾಚೆಯಿಂದ ಸೌಂಡ್ ಇಂಜಿನಿಯರ್ ಕೈಯೆತ್ತಿದ.

"ಇನ್ನೊಂದ್ಸಲ ಮೇಡಂ. ಮಧ್ಯದಲ್ಲಿ ಯಾರೋ ಮಂಚ ಎಳೆದ್ರು."

ನಕ್ಕೆ. ಆಡಿಯೋ ಪುಸ್ತಕ ಓದುವವಳ ಗಂಟಲು ಕೈಕೊಟ್ಟರೆ ರಜೆ ಕೇಳಬಹುದು. ಕರುಳು ಕೈಕೊಟ್ಟರೆ?

ಕರುಳು ಹುಣ್ಣಾಗುವ ಕೊಲೈಟಿಸ್‌ಗೆಂದು ಮೆಸಲಮೈನ್ ಮಾತ್ರೆ ಶುರುಮಾಡಿ ಎರಡು ವಾರ. ತಗ್ಗಬೇಕಿತ್ತು. ನೋವು, ರಕ್ತ, ಬಾತ್‌ರೂಮಿಗೆ ಓಟ — ಎಲ್ಲವೂ ಮೊದಲಿಗಿಂತ ಹೆಚ್ಚು.

ಮಾರ್ಚ್ 9

ಡಾಕ್ಟರ್ ಡೋಸ್ ಏರಿಸಿದರು. ಕಾಯಿಲೆ ಕೆರಳಿದೆಯಂತೆ. ಏನು ತಿಂದೆ, ಯಾಕೆ ಚಿಂತೆ ಮಾಡಿದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಾ ಬಂದೆ. ಮಾತ್ರೆಯ ಮೇಲೆ ಅನುಮಾನ ಬರಲಿಲ್ಲ.

ಮಾರ್ಚ್ 12

ಇಂಜಿನಿಯರ್ ಮನೆಯಿಂದ ದಿಂಬು ತಂದುಕೊಟ್ಟಿದ್ದಾನೆ. "ಅಪ್ಪಿಕೊಂಡು ಓದಿ. ಹೊಟ್ಟೆಗೂ ಸೌಂಡ್‌ಪ್ರೂಫ್ ಬೇಕಲ್ಲ." ದಿನವಿಡೀ ದಿಂಬನ್ನು ತಬ್ಬಿಕೊಂಡು ಓದಿದೆ. ಬಿಡಲು ಮನಸ್ಸಾಗಲಿಲ್ಲ. ವಿಚಿತ್ರ.

ಮಾರ್ಚ್ 19

ಅಕ್ಕನ ಮನೆಯಿಂದ ಈಗಷ್ಟೇ ಬಂದೆ. ನಾಲ್ಕು ದಿನ ಇದ್ದೆ. ಮಾತ್ರೆಯ ಡಬ್ಬಿ ಸ್ಟುಡಿಯೋದ ಮೇಜಿನ ಮೇಲೇ ಉಳಿದಿತ್ತು. ಬೈಸಿಕೊಳ್ಳುವುದೇಕೆಂದು ಅಕ್ಕನಿಗೆ ಹೇಳಲಿಲ್ಲ. ಮೊದಲ ದಿನ ಭಯ. ಮೂರನೆಯ ದಿನ ಭಾವನ ಜೊತೆ ಕೂತು ಎರಡನೇ ಸಲ ಬಡಿಸಿಕೊಂಡೆ.

"ಏನಮ್ಮಾ, ನಮ್ಮನೆ ಬಾತ್‌ರೂಮ್ ಇಷ್ಟ ಆಗ್ಲಿಲ್ವಾ? ಆ ಕಡೆ ತಲೇನೇ ಹಾಕ್ತಿಲ್ಲ," ಅಂದರು ಭಾವ.

ಅಕ್ಕ ನಗಲಿಲ್ಲ. "ನಿನ್ನ ಕಾಯಿಲೆ ಹೊಟ್ಟೇಲಿಲ್ಲ ಕಣೇ. ಒಬ್ಬಳೇ ಗೋಡೆ ನೋಡ್ಕೊಂಡು ತಿಂತೀಯಲ್ಲ, ಅದು. ಹಿಂದಿನ ರೂಮು ಖಾಲಿ ಮಾಡಿಸ್ತೀನಿ, ಬಂದ್ಬಿಡು."

ನೋಡೋಣ ಅಂದೆ. ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ. ನಿಜವಿರಬಹುದೆ? ನಿಜವಾಗಿರಲಿ ಎನಿಸುತ್ತಿದೆ.

ಮಾರ್ಚ್ 23

ತಪ್ಪಿದ್ದಕ್ಕೆ ಪ್ರಾಯಶ್ಚಿತ್ತವೆಂಬಂತೆ ಮಾತ್ರೆ ನುಂಗುತ್ತಿದ್ದೇನೆ. ನೋವು ಮತ್ತೆ ಶುರು. ಅಲ್ಲಿಗೆ ಅಕ್ಕ ಹೇಳಿದ್ದೇ ಸರಿ. ಜನರ ನಡುವೆ ಚೆನ್ನಾಗಿದ್ದೆ, ಈ ಬಾಗಿಲು ತೆರೆದದ್ದೇ ಕೆಟ್ಟೆ. ಫೋನ್ ಮಾಡಿ ಬರುತ್ತೇನೆ ಅಂದೆ. ಗೋಡೆಗೆ ಯಾವ ಬಣ್ಣ ಎಂದಳು. ತಿಳಿನೀಲಿ ಎಂದೆ. ಮನೆಯ ಓನರ್‌ಗೆ ಹೇಳಬೇಕಾದ ಮಾತನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ, ಸ್ಟುಡಿಯೋ ದನಿಯಲ್ಲಿ.

ಏಪ್ರಿಲ್ 2, ಆಸ್ಪತ್ರೆ

ಜ್ವರ. ಕೈಗೆ ಡ್ರಿಪ್. ಅಕ್ಕನಿಗೆ ತಿಳಿಸಿಲ್ಲ. ಪಕ್ಕದ ಹಾಸಿಗೆಯವರಿಗೆ ಬಂದವರ ಗದ್ದಲ. ನನ್ನ ಕಡೆಯ ಕುರ್ಚಿಯನ್ನೂ ಅವರೇ ಕೇಳಿ ತೆಗೆದುಕೊಂಡರು.

"ಮಾತ್ರೆ ತಪ್ಪಿಸಿಲ್ಲ ತಾನೇ?" ಡಾಕ್ಟರ್.

"ಇಲ್ಲ." ಟೀಚರ್ ಹೋಂವರ್ಕ್ ಕೇಳಿದಾಗ ಬರುತ್ತಿದ್ದಂತೆ ತಾನಾಗಿ ಬಂತು.

"ಈ ಮಧ್ಯೆ ಒಂದು ದಿನವಾದ್ರೂ ಆರಾಮಾಗಿದ್ರಾ?"

"ಅಕ್ಕನ ಮನೇಲಿ. ನಾಲ್ಕು ದಿನ."

"ಅಲ್ಲೇನು ಬೇರೆ ಇತ್ತು?"

ಜನ ಇದ್ದರು ಎನ್ನಲು ಬಾಯಿ ತೆರೆದೆ. ಆಮೇಲೆ ನಿಜ ಹೇಳಿದೆ. ಮಾತ್ರೆ ಇರಲಿಲ್ಲ.

ಡಾಕ್ಟರ್ ನನ್ನ ಫೈಲಿನ ಹಿಂದಿನ ಪುಟ ತಿರುವಿದರು. "ಕೆಲವರಿಗೆ, ತುಂಬಾ ಕಡಿಮೆ ಜನಕ್ಕೆ, ಈ ಮಾತ್ರೆನೇ ಕರುಳನ್ನ ಕೆರಳಿಸುತ್ತೆ. ನೋಡೋಕೆ ಕಾಯಿಲೆ ಥರಾನೇ ಇರುತ್ತೆ. ನಾನು ಡೋಸ್ ಬೇರೆ ಏರಿಸ್ದೆ. ಇವತ್ತೇ ನಿಲ್ಲಿಸೋಣ, ಬೇರೆ ಔಷಧಿ ಕೊಡ್ತೀನಿ."

ಏಪ್ರಿಲ್ 10

ದಿಂಬಿಲ್ಲದೆ ಓದಿದೆ. "ಮಂಚ ಎಳೆಯೋರು ಇವತ್ತು ರಜಾನಾ?" ಎಂದ ಇಂಜಿನಿಯರ್. ಎಲ್ಲ ಹೇಳಬೇಕೆನಿಸಿತು. ಅಷ್ಟರಲ್ಲಿ ಹೆಡ್‌ಫೋನ್ ಹಾಕಿಕೊಂಡಿದ್ದ.

ಖುಷಿಯಾಗಬೇಕು. ಮಾತ್ರೆ, ಅಷ್ಟೇ. ಆ ನಾಲ್ಕು ದಿನ ನನ್ನನ್ನು ವಾಸಿಮಾಡಿದ್ದು ಅಕ್ಕನ ಅಡುಗೆಯಲ್ಲ, ಭಾವನ ತಮಾಷೆಯಲ್ಲ. ರಾತ್ರಿ ಗೋಡೆ ನೋಡುತ್ತಾ ಒಬ್ಬಳೇ ಊಟ ಮಾಡಿದೆ. ಚೆನ್ನಾಗಿ ಅರಗಿತು.

ಏಪ್ರಿಲ್ 13

ಅಕ್ಕನ ಫೋನ್. "ಬಣ್ಣ ಒಣಗಿದೆ, ತಿಳಿನೀಲಿನೇ. ನಿನ್ನ ಭಾವ ಆ ರೂಮಿಗೇ ಬಾತ್‌ರೂಮ್ ಕಟ್ಟಿಸ್ತಿದ್ದಾರೆ, ನೀನು ಓಡ್ಬೇಕಾಗುತ್ತಲ್ಲ ಅಂತ. ಹೊಟ್ಟೆ ಹೇಗಿದೆ?"

"ಹಾಗೇ ಇದೆ ಅಕ್ಕಾ," ಅಂದೆ.

ಫೋನ್ ಇಟ್ಟಾಗಿನಿಂದ ಮೇಜಿನ ಮುಂದೆ ಕೂತಿದ್ದೇನೆ. ಕಾಯಿಲೆಯವಳಿಗೆಂದು ರೂಮು ಸಿದ್ಧವಾಗಿದೆ. ಕಾಯಿಲೆಯಿಲ್ಲದವಳು ಹೇಗೆ ಕೇಳುವುದು? ಇನ್ನೊಬ್ಬರು ಬರೆದದ್ದನ್ನು ಎಷ್ಟು ಚೆನ್ನಾಗಿ ಓದುತ್ತೇನೆ. ನಾಳೆ ಹೇಳಬೇಕಾದದ್ದನ್ನು ಇಲ್ಲೇ ಬರೆದುಕೊಂಡು ಓದಿದರಾಯಿತು —

ಅಕ್ಕಾ, ನನಗೇನೂ ಆಗಿಲ್ಲ. ಹೊಟ್ಟೆ ಸರಿಹೋಗಿದೆ. ಆದರೂ