ರಾವಣನ ಹಗುರ ಕಿರೀಟ

ಅಜ್ಜಂಪುರ
ಪರಿಧಾವಿ ಸಂವತ್ಸರ, ಮಾಘ ಶುದ್ಧ ದಶಮಿ

ಚಿರಂಜೀವಿ ತಮ್ಮ ಲಕ್ಕಣ್ಣನಿಗೆ ಅಕ್ಕ ಹುಚ್ಚಮ್ಮನ ಆಶೀರ್ವಾದಗಳು.

ಇಲ್ಲಿ ಅಪ್ಪ, ನಾನು, ಕೆಂದ ಹಸು ಎಲ್ಲರೂ ಕ್ಷೇಮ. ನಿನ್ನ ಕಡೆಯದೇ ಯೋಚನೆ. ತರೀಕೆರೆಯ ಚಳಿ ನಿನ್ನ ಎದೆಗೆ ಆಗುವುದಿಲ್ಲ, ಮರದ ಡಿಪೋದಲ್ಲಿ ದಿಮ್ಮಿ ಉರುಳಿಸುವಾಗ ಕಾಲಿನ ಮೇಲೆ ಕಣ್ಣಿರಲಿ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಕೋಪ ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಬೆರಳು ಅಂಟಂಟು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು, ಅಕ್ಷರ ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ನೀನು ಕಳಿಸಿದ ರದ್ದಿ ಕಾಗದದ ಮೂಟೆ ಏನಾಯಿತೆಂದು ಕೇಳಿದ್ದೆಯಲ್ಲ, ಅದು ಈಗ ರಾವಣನ ತಲೆಯ ಮೇಲಿದೆ.

ನೀನು ಹೋದಮೇಲೆ ಅಪ್ಪನ ಕೈ ನಡುಗಿ ಕಿರೀಟ ಕೆತ್ತುವ ಉಳಿ ಹಿಡಿಯಲಾಗುತ್ತಿಲ್ಲ. ನಮ್ಮ ಮೇಳದ ರಾವಣ ದೊಡ್ಡಬೀರಪ್ಪನಿಗೆ, ತಾತ ಕೆತ್ತಿದ ಆ ಮರದ ಕಿರೀಟ ಹೊತ್ತು ಹೊತ್ತು ಹಣೆಯಲ್ಲಿ ಹುಣ್ಣು, ಕತ್ತಿನಲ್ಲಿ ನೋವು. ಈ ವರ್ಷ ವೇಷ ಕಟ್ಟುವುದಿಲ್ಲ ಎಂದು ನಮ್ಮ ಜಗಲಿಯಲ್ಲೇ ಕೂತು ಹೇಳಿದ. ರಾವಣನಿಲ್ಲದೆ ಆಟವೇ ಇಲ್ಲ. ಅವನು ಎದ್ದು ಹೋದಮೇಲೆ, ನಾನು ಮೊರ ಬುಟ್ಟಿಗೆಲ್ಲ ಕಾಗದ ಅರೆದು ಮೆತ್ತುತ್ತೇನಲ್ಲ, ಕಿರೀಟ ಏಕಾಗಬಾರದು ಅನ್ನಿಸಿತು.

ಮೊದಲನೆಯದಕ್ಕೆ ತೆಂಗಿನ ನಾರನ್ನಷ್ಟೇ ಬೆರೆಸಿದ್ದೆ, ಒಣಗಿ ಕೆರೆಯ ತಳದ ಹಾಗೆ ಬಿರಿಯಿತು. ಪಿಂಜಾರರ ದಾವೂದ್ ಸಾಬ್ ಅದನ್ನು ನೋಡಿ, ನಾರು ಎಳೆಯುತ್ತದೆ, ಹಿಡಿದಿಡುವುದಕ್ಕೆ ಹತ್ತಿ ಬೇಕು ಎಂದು ತಮ್ಮ ಹಿಂಜುವ ಬಿಲ್ಲಿನ ಕೆಳಗೆ ಉದುರಿದ ಹತ್ತಿಯನ್ನೆಲ್ಲ ಗುಡಿಸಿ ಕೊಟ್ಟರು. ಎರಡನೆಯದು ಚೆನ್ನಾಗಿಯೇ ಬಂತು. ಅಂಟು ಬರಲೆಂದು ಮೆಂತ್ಯ ಅರೆದು ಹಾಕಿ, ಗಡಿಗೆಯ ಮೇಲೆ ಮೆತ್ತಿ ಬಿಸಿಲಿಗಿಟ್ಟಿದ್ದೆ. ಮೆಂತ್ಯದ ವಾಸನೆಗೆ ನಮ್ಮ ಕೆಂದ ಹಸು ಹಗ್ಗ ಕಿತ್ತುಕೊಂಡು ಬಂದು ಕಿರೀಟವನ್ನು ಗೋಪುರದಿಂದ ಕಿವಿಯವರೆಗೆ ಮೇದುಬಿಟ್ಟಳು. ಹೊಟ್ಟೆ ಉಬ್ಬರಿಸೀತೆಂದು ದಿನವೆಲ್ಲ ಅವಳ ಪಕ್ಕದಲ್ಲೇ ಕೂತಿದ್ದೆ. ಅವಳಿಗೇನೂ ಆಗಲಿಲ್ಲ, ಹಾಲೂ ಕಹಿಯಾಗಲಿಲ್ಲ. ಅಪ್ಪನಿಗೆ ಮಾತ್ರ ನಗು. "ರಾಮ ಬರೋಕ್ ಮುಂಚೆ ಹಸಾನೇ ರಾವಣನ್ನ ಮುಗಿಸ್ಬುಡ್ತಲ್ಲೇ" ಎಂದರು.

ಮೂರನೆಯದಕ್ಕೆ ಮೆಂತ್ಯ ಬಿಟ್ಟು ಹುಣಸೆಬೀಜದ ಅಂಟು ಕಾಯಿಸಿ, ಹುಳ ಹಿಡಿಯದಂತೆ ಚೂರು ಮೈಲುತುತ್ತ ಸೇರಿಸಿದೆ. ಆ ವಿಷ ಬೀರಪ್ಪನ ಹುಣ್ಣಿಗೆ ತಾಗಿದರೆ ಎಂಬ ಹೆದರಿಕೆಗೆ ಒಳಗೆಲ್ಲ ಹಳೇ ಸೀರೆಯನ್ನು ಎರಡು ಪದರ ಅಂಟಿಸಿದೆ. ಮೇಲೆ ಹೊಳೆಯುವ ಬೇಗಡೆ ಹಾಳೆ, ಅಂಚಿಗೆ ಹತ್ತಿಯ ಉಂಡೆಗಳ ಮುತ್ತು. ದಾರದಲ್ಲಿ ಬೀರಪ್ಪನ ತಲೆಯ ಅಳತೆ ಹಿಡಿದವಳು ನಾನೇ. ನಮ್ಮ ಅಂಗಳದಲ್ಲೇ ತಲೆಗೇರಿಸಿಕೊಂಡು ಅವನು, "ಏನವ್ವಾ, ತಲೆ ಮ್ಯಾಲ್ ಐತೋ ಇಲ್ವೋ ಗೊತ್ತೇ ಆಗಾಕಿಲ್ವಲ್ಲ. ಹಿಂಗಾದ್ರೆ ರಾವಣನ ಗರ್ವ ಇಳ್ದೋಯ್ತದೆ" ಎಂದ. ಎಂದನೇ ಹೊರತು ತೆಗೆಯಲಿಲ್ಲ, ಅದನ್ನಿಟ್ಟುಕೊಂಡೇ ಮಜ್ಜಿಗೆ ಕುಡಿದ.

ಹೋದ ಹುಣ್ಣಿಮೆಯ ಆಟದಲ್ಲಿ ಬೆಳಗಿನವರೆಗೂ ಕುಣಿದ, ಬೇಗಡೆ ಒಂದು ಚೂರೂ ಏಳಲಿಲ್ಲ. ನನಗೆ ಎಲ್ಲದಕ್ಕೂ ಅಳುಕು, ಗೊತ್ತಲ್ಲ. ಈ ಕೆಲಸ ಒಂದರಲ್ಲಿ ಅಳುಕಿಲ್ಲ ಕಣೋ. ಮಳೆಗಾಲದ ತೇವಕ್ಕೆ ಏನಾಗುತ್ತದೋ ನೋಡಬೇಕು. ಅದಕ್ಕೂ ಎಣ್ಣೆ ಸವರುವ ಯೋಚನೆಯಲ್ಲಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಕ್ಕ
ಹುಚ್ಚಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಕಳೆದೆ. ಆಟದ ನಡುವೆ ಕಿರೀಟ ಮಾಡಿದವರ ಹೆಸರು ಕೂಗಿ ವೀಳ್ಯ ಕೊಡುತ್ತಾರಲ್ಲ, ಭಾಗವತರು ಕೂಗಿದ್ದು ನಿನ್ನ ಹೆಸರನ್ನು. ನಾನು ಹೆಂಗಸರ ನಡುವೆ ಕೂತಿದ್ದೆ. ಅಪ್ಪ ಎದ್ದು ಹೋಗಿ ಕೈಯೊಡ್ಡಿ ತೆಗೆದುಕೊಂಡರು. ಮನೆಗೆ ಬಂದು ಕೇಳಿದೆ. "ತಾತನ ಕಾಲ್ದಿಂದ ಗಂಡಸ್ರ ಹೆಸ್ರೇ ಕೂಗಿರೋದು, ಬುಡವ್ವ" ಎಂದರು. ಭಾಗವತರಿಗೆ ನಿನ್ನ ಹೆಸರು ಹೇಳಿಕೊಟ್ಟವರೂ ಅವರೇ. ನಾನು ಕಾಗದ ಅರೆಯುವಾಗ ಒರಳಿಗೆ ನೀರು ಹಾಕುತ್ತಿದ್ದ ಅಪ್ಪ. ಆ ವೀಳ್ಯ ಗೋಡೆಯ ಗೂಡಿನಲ್ಲಿ ಒಣಗುತ್ತಿದೆ, ನಾನು ಮುಟ್ಟಿಲ್ಲ.

ಅಮೃತಾಪುರದ ಮೇಳದವರು ಇಂಥದೇ ಕಿರೀಟಗಳನ್ನು ಮಾಡಿಸಲು ನಿನ್ನನ್ನು ಕೇಳಿಕೊಂಡು ಡಿಪೋಗೆ ಬರುತ್ತಾರಂತೆ. ಹೂಂ ಅನ್ನಬೇಡ. ನಿನಗೆ ಅದು ಬರುವುದಿಲ್ಲವೆಂದೂ, ಬರುವವಳು ಅಜ್ಜಂಪುರದಲ್ಲಿದ್ದಾಳೆಂದೂ ಹೇಳು, ಹೆಸರೂ ಹೇಳು. ತಲೆಯ ಅಳತೆಗೆ ವೇಷದವರೇ ನನ್ನ ಹತ್ತಿರ ಬರಬೇಕು.